ಎಲೆಗೆ ಬೇಕಾದ ಹವೆ

ಸಿಗಾರಿಗೆ ಬೇಕಾದದ್ದು ಶೇ. 65ರಿಂದ 70ರಷ್ಟು ತೇವ, ಇಪ್ಪತ್ತು ಡಿಗ್ರಿ ಆಸುಪಾಸಿನ ತಂಪು. ಡೊಂಬಿವಲಿಯ ಜುಲೈಯಲ್ಲಿ ಗಾಳಿಯ ತೇವ 80 ದಾಟುತ್ತದೆ. ಕಪಾಟಿನೊಳಗಿನ ಚರ್ಮದ ಬೆಲ್ಟಿಗೇ ಬೂಷ್ಟು ಹಿಡಿಯುವಾಗ ಎಲೆಯ ಗತಿಯೇನು? ಸೆಕೆ 24 ಡಿಗ್ರಿ ದಾಟಿ ನಿಂತರೆ ಎಲೆಯೊಳಗಿರಬಹುದಾದ ಹುಳುವಿನ ಮೊಟ್ಟೆ ಒಡೆಯುವ ಭಯ. ಫ್ರಿಜ್ಜಿನಲ್ಲಿಟ್ಟರೆ ಒಣಗುತ್ತದೆ, ಮೇಲೆ ಬಂಗುಡೆಯ ವಾಸನೆ. ಸೀಡರ್ ಮರದ ಪೆಟ್ಟಿಗೆ ಶ್ರೇಷ್ಠವಂತೆ. ಅಗ್ಗದ ದಾರಿಯೆಂದರೆ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ತೇವ ಹೆಚ್ಚಾದರೆ ಹೀರಿ ಕಡಿಮೆಯಾದರೆ ಬಿಡುವ ಒಂದು ಪೊಟ್ಟಣ.

ಐರೋಲಿಯ ಕಚೇರಿಗೆ ಬಂದಿದ್ದ ವಿದೇಶಿ ಗ್ರಾಹಕರೊಬ್ಬರು ಹತ್ತು ಸಿಗಾರು ಕೊಟ್ಟುಹೋದದ್ದರಿಂದ ಇಷ್ಟೆಲ್ಲ ತಿಳಿದುಕೊಂಡೆ. ನಾನು ಸೇದುವುದಿಲ್ಲ. ಆದರೆ ಓದುತ್ತ ಹೋದಂತೆ ಸಿಟ್ಟು ಬಂತು, ಯಾರ ಮೇಲೆಂದು ತಿಳಿಯದ ಸಿಟ್ಟು.

ಬಂಟ್ವಾಳದ ಕಡೆಯ ನಮ್ಮ ಮನೆಯಲ್ಲಿ ಅಮ್ಮ ಬೀಡಿ ಕಟ್ಟುತ್ತಿದ್ದರು. ಬೀಡಿ ಎಲೆ ನೀರಲ್ಲಿ ನೆನೆಯಬೇಕು, ಒದ್ದೆ ಬಟ್ಟೆಯಲ್ಲಿ ಮಲಗಬೇಕು, ಆಮೇಲೆ ಕತ್ತರಿ. ಹೊಗೆಸೊಪ್ಪಿನ ಪುಡಿಗೆ ಮಾತ್ರ ತೇವ ತಾಗಬಾರದು. ಮಳೆಗಾಲದಲ್ಲಿ ಮನೆಯಲ್ಲಿ ಸೋರದ ಮೂಲೆ ಒಂದೇ ಇದ್ದದ್ದು, ನಾವು ಮಕ್ಕಳು ಮಲಗುವಲ್ಲಿ. ಪುಡಿ ಅಲ್ಲೇ ಇರುತ್ತಿತ್ತು. ಕೆಟ್ಟರೆ ಬ್ರಾಂಚಿನಲ್ಲಿ ಹಣ ಮುರಿದುಕೊಳ್ಳುತ್ತಿದ್ದರು. ನಮ್ಮ ಸೀನು, ಅಮ್ಮನ ಕೆಮ್ಮು ಯಾವ ಲೆಕ್ಕಕ್ಕೂ ಬರುತ್ತಿರಲಿಲ್ಲ. ಸರಿಯಾಗಿ ಇಡುವುದು ಎಂದರೆ ಅಂದೂ ಎಲೆಗೆ ಸರಿಯಾಗುವಂತೆ ಇಡುವುದೇ.

ಬೀಡಿ, ಸಿಗಾರ್ ಎರಡನ್ನೂ ಹೆಸರಿನಲ್ಲೇ ಕೂಡಿಸಿಕೊಂಡ ಕಾರ್ಮಿಕ ಕಾಯ್ದೆ 1966ರದ್ದು. ಅದನ್ನು ಕೇರಳದಲ್ಲಿ ಜಾರಿಗೆ ತರಲು ಹೊರಟಾಗ ಮಂಗಳೂರಿನ ದೊಡ್ಡ ಧಣಿಗಳು ಕಣ್ಣೂರಿನ ಕಡೆಯ ಕೆಲಸ ನಿಲ್ಲಿಸಿದರು. ಕೆಲಸ ಕಳೆದುಕೊಂಡವರು 1969ರಲ್ಲಿ ದಿನೇಶ್ ಬೀಡಿ ಸಹಕಾರಿ ಸಂಘ ಕಟ್ಟಿದರು. ಅಲ್ಲಿ ಒಬ್ಬರು ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದರು, ಉಳಿದವರು ಕೇಳುತ್ತ ಬೀಡಿ ಕಟ್ಟುತ್ತಿದ್ದರು. ಹವಾನಾದ ಸಿಗಾರ್ ಕಾರ್ಖಾನೆಗಳಲ್ಲಿ 1865ರಲ್ಲಿ ಶುರುವಾದ ಪದ್ಧತಿಯ ಹಾಗೆಯೇ. (ಅಮ್ಮನಿಗೆ ಓದಿ ಹೇಳಲು ಇದ್ದದ್ದು ಮಂಗಳೂರು ಆಕಾಶವಾಣಿ.) ನಮ್ಮ ಜಿಲ್ಲೆಯಲ್ಲಿ ಕೆಲಸ ಹೆಚ್ಚಾಗಿ ಮನೆಯೊಳಗೇ ಉಳಿಯಿತು. ಎಲೆಗೆ ಗೋದಾಮು, ಕೈಗಳಿಗೆ ಶೆಡ್ಡು ಯಾರೂ ಕಟ್ಟಿಸಬೇಕಾಗಲಿಲ್ಲ.

ವಸ್ತುವನ್ನು ಜೋಪಾನ ಮಾಡುವುದು ತಪ್ಪೆಂದು ನಾನು ಹೇಳುವುದಿಲ್ಲ. ಕೈಯಲ್ಲಿ ಸುತ್ತಿದ್ದನ್ನು ಕಸಕ್ಕೆ ಹಾಕಲು ನನಗೆ ಮನಸ್ಸೇ ಬರುವುದಿಲ್ಲ. ಹಾಕೆಂದು ಹೆಂಡತಿ ಹೇಳುತ್ತಲೇ ಇದ್ದಾಳೆ. ಕೇಳಬೇಕಾದದ್ದು, ಯಾರಿಗೆ ಮೊದಲು ಜೋಪಾನ ಎಂದು. ನಮ್ಮ ಮಗಳು ಮಲಗುವುದೂ ಇರುವ ಒಂದೇ ಕೋಣೆಯಲ್ಲಿ. ಹಾಗಾಗಿ ಸೀಡರ್ ಬೇಡವೆಂದೆ. ಬಿಗಿ ಡಬ್ಬಿ, ಹಾಲಿನ ಲಾಫ್ಟಿನ ಮೇಲೆ, ಮಗುವಿನ ಕೈಗೆ ಸಿಗದಷ್ಟು ಎತ್ತರದಲ್ಲಿ. ಒಳಗೆ ಏನು ಹೋಗುತ್ತದೆ ಎನ್ನುವುದಕ್ಕಿಂತ ಹೊರಗೆ ಏನು ಬರುವುದಿಲ್ಲ ಎನ್ನುವುದು ನನಗೆ ಮುಖ್ಯ. ಮೇ ತಿಂಗಳಲ್ಲಿ ಹುಳು ಬಿದ್ದರೆ ಬೀಳಲಿ, ಅದಕ್ಕಾಗಿ ಎ.ಸಿ. ಹಾಕುವುದಿಲ್ಲ.

ಗೆಳೆಯರಿಗೆ ಕೊಟ್ಟರೆ ಅವರ ಶ್ವಾಸಕೋಶದ ಲೆಕ್ಕ ಯಾರದು? ಅದಿನ್ನೂ ನನ್ನಲ್ಲಿ ತೀರ್ಮಾನವಾಗಿಲ್ಲ.

ಊರಿಂದ ಬಂದ ಅಮ್ಮ ಮೊನ್ನೆ ಒಂದನ್ನು ಹೆಬ್ಬೆರಳಲ್ಲಿ ಒತ್ತಿ, ತಿರುಗಿಸಿ ನೋಡಿದರು. “ನೂಲೇ ಇಲ್ಲದೆ ಕಟ್ಟಿದ್ದಾರಲ್ಲ!” ಎಂದರು. ಆಮೇಲೆ, “ಇವರಿಗೆ ಸಾವಿರಕ್ಕೆ ಎಷ್ಟು ಸಿಗ್ತದಂತೆ?”