ಕೇಳಿದ್ದರೆ ಹೇಳುತ್ತಿದ್ದೆವು



ಕಳೆದ ಬೇಸಿಗೆ ರಜೆಗೆ ನಮ್ಮ ಸಂಘದ ಸದಸ್ಯರೊಬ್ಬರ ಮಗ ಊರಿನಿಂದ ಬಹರೇನ್‌ಗೆ ಬಂದಿದ್ದ. ಕರ್ನಾಟಕದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೂರನೆಯ ವರ್ಷ ಮುಗಿಸಿದ ಹುಡುಗ. ಒಂದು ಶುಕ್ರವಾರ ಬಿಸಿಲೇರುವ ಮೊದಲೇ ಅಪ್ಪ ಮಗನ ಜೊತೆ ನಾವೂ ಡಿಪ್ಲೊಮ್ಯಾಟಿಕ್ ಏರಿಯಾದಲ್ಲಿ ಒಂದು ಸುತ್ತು ನಡೆಯಲು ಹೊರಟೆವು. ಕಛೇರಿಗಳಿಗೆ ರಜೆ. ರಸ್ತೆಯಲ್ಲಿ ಕಾರುಗಳಿಲ್ಲ. ಕಡಲಿಗೆ ಮಣ್ಣು ತುಂಬಿ ಮಾಡಿದ ನೆಲದ ಮೇಲೆ ಗಾಜಿನ ಕಟ್ಟಡಗಳು ಸಾಲಾಗಿ ನಿಂತಿವೆ. ಅದರಲ್ಲಿ ಒಂದರ ಎತ್ತರದಲ್ಲಿ ಹಗ್ಗಕ್ಕೆ ಜೋತುಬಿದ್ದು ಇಬ್ಬರು ಗಾಜು ಒರೆಸುತ್ತಿದ್ದರು.

ಹುಡುಗ ಉತ್ಸಾಹದಿಂದ ತನ್ನ ಕೊನೆಯ ವರ್ಷದ ಪ್ರಾಜೆಕ್ಟಿನ ವಿಷಯ ಹೇಳುತ್ತ ಬಂದ. ಅವನ ಕಾಲೇಜಿಗೂ ಒಂದು ಕಾರ್ಖಾನೆಗೂ ಒಪ್ಪಂದವಾಗಿದೆ. ಅಲ್ಲಿ ತಯಾರಾಗುವ ಲೋಹದ ಬಿಡಿಭಾಗಗಳಲ್ಲಿ ಬಿರುಕು ಇದೆಯೇ ಎಂದು ಕ್ಯಾಮರಾದಿಂದ ಪರೀಕ್ಷಿಸುವ ಸಾಧನವನ್ನು ನಾಲ್ಕು ಜನ ಸೇರಿ ಮಾಡಬೇಕು. ಖರ್ಚು ಕಾರ್ಖಾನೆಯದು. ಚೆನ್ನಾಗಿ ಬಂದರೆ ನೌಕರಿಯೂ ಅಲ್ಲೇ. ತಂದೆಯ ಮುಖದಲ್ಲಿ ಸಮಾಧಾನ ಕಾಣುತ್ತಿತ್ತು.

"ಈಗ ಆ ಕೆಲಸ ಯಾರು ಮಾಡ್ತಾರಪ್ಪಾ?" ಎಂದು ಕೇಳಿದೆವು.

"ಹೆಂಗಸರು ಅಂಕಲ್. ದೀಪದ ಕೆಳಗೆ ಕೂತು ಒಂದೊಂದಾಗಿ ನೋಡ್ತಾರಂತೆ."

"ಅವರ ಹತ್ತಿರ ಮಾತಾಡಿದ್ದೀಯಾ?"

"ಇಲ್ಲ ಅಂಕಲ್. ಅದು ನಮ್ಮ ಪ್ರಾಜೆಕ್ಟಿಗೆ ಸೇರಿದ್ದಲ್ಲ."

ಹುಡುಗ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅವನಿಗೆ ಕೊಟ್ಟ ಕಾಗದದಲ್ಲಿ ಹಾಗೇ ಇತ್ತು. ಆದರೂ ಮನೆಗೆ ಬಂದ ಮೇಲೆ ಆ ಮಾತು ನಮ್ಮನ್ನು ಬಿಡಲಿಲ್ಲ. ಇಂಜಿನಿಯರಿಂಗ್ ಕಲಿಸುವವರು ಯಾರಿಗೆ ಉತ್ತರ ಕೊಡಬೇಕು? ದುಡ್ಡು ಕೊಟ್ಟು ಪ್ರಶ್ನೆ ಕೇಳುವವರಿಗೆ ಮಾತ್ರವೋ, ಆ ಉತ್ತರದ ಫಲ ಯಾರ ಮೇಲೆ ಬೀಳುತ್ತದೋ ಅವರಿಗೂ ಸಹವೋ? ನಮ್ಮ ಸಂಘದ ಎಷ್ಟೋ ಮನೆಗಳಲ್ಲಿ ಒಬ್ಬರಾದರೂ ಇಂಜಿನಿಯರ್ ಇದ್ದಾರೆ, ಇಲ್ಲವೇ ಆಗಲಿದ್ದಾರೆ. ಆದ್ದರಿಂದ ಈ ಪ್ರಶ್ನೆಯನ್ನು ಎಲ್ಲರ ಮುಂದೆ ಇಡುತ್ತಿದ್ದೇವೆ.

ಮೊದಲು ಒಂದು ಮಾತು. ಕಾಲೇಜು ಕಾರ್ಖಾನೆಯೊಡನೆ ಕೈಜೋಡಿಸುವುದು ಕೆಟ್ಟದ್ದು ಎಂದು ನಾವು ಹೇಳುತ್ತಿಲ್ಲ. ಊರಿನಿಂದ ಬರುವಾಗ ನಾವೆಲ್ಲ ಪೆಟ್ಟಿಗೆಯಲ್ಲಿ ತರುವ ಮೈಸೂರು ಸ್ಯಾಂಡಲ್ ಸೋಪಿನ ಕಥೆಯನ್ನೇ ನೋಡಿ. 1914ರಲ್ಲಿ ಮಹಾಯುದ್ಧ ಶುರುವಾದಾಗ ಮೈಸೂರಿನ ಶ್ರೀಗಂಧದ ಕೊರಡುಗಳು ಯೂರೋಪಿಗೆ ಹೋಗದೆ ಇಲ್ಲೇ ಉಳಿದವು. ಆಗ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ, ಅಂದರೆ ಇಂದಿನ ಭಾರತೀಯ ವಿಜ್ಞಾನ ಸಂಸ್ಥೆಯ, ಪ್ರಾಧ್ಯಾಪಕರಾದ ಸಡ್‌ಬರೋ ಮತ್ತು ವಾಟ್ಸನ್ ಗಂಧದೆಣ್ಣೆ ಬಟ್ಟಿ ಇಳಿಸುವ ಕ್ರಮವನ್ನು ಪ್ರಯೋಗಾಲಯದಲ್ಲಿ ಸಿದ್ಧಮಾಡಿಕೊಟ್ಟರು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲ ಅದು. 1916ರಲ್ಲಿ ಬೆಂಗಳೂರಿನಲ್ಲಿ ಎಣ್ಣೆ ತೆಗೆಯುವುದು ಆರಂಭವಾಯಿತು. ಎಸ್. ಜಿ. ಶಾಸ್ತ್ರಿಯವರು ಇಂಗ್ಲೆಂಡಿಗೆ ಹೋಗಿ ಸಾಬೂನಿನ ವಿದ್ಯೆ ಕಲಿತು ಬಂದರು. 1918ರ ಹೊತ್ತಿಗೆ ಸೋಪು ಹೊರಬಂತು. ಹಾಗೆಯೇ 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಆರಂಭವಾಯಿತು. ಎರಡೇ ವರ್ಷದಲ್ಲಿ ಅದೇ ಊರಿನ ವಿಜ್ಞಾನ ಸಂಸ್ಥೆ ವಿಮಾನಶಾಸ್ತ್ರದ ವಿಭಾಗ ತೆರೆಯಿತು. ಇಂಥ ಕೂಡುವಿಕೆಯಿಂದ ಎಷ್ಟೋ ಮನೆಗಳ ಒಲೆ ಉರಿದಿದೆ.

ಆದರೆ ಕಾರ್ಖಾನೆಗೆ ಒಂದು ಅನುಕೂಲವಿದೆ. ಅದಕ್ಕೆ ತನಗೆ ಬೇಕಾದದ್ದನ್ನು ಕೇಳಲು ಬರುತ್ತದೆ. ಕೊಟ್ಟದ್ದು ಸರಿಯಿಲ್ಲದಿದ್ದರೆ "ಇದು ಬೇಡ" ಎಂದು ವಾಪಸು ಕಳಿಸಲು ಬರುತ್ತದೆ. ಹಳ್ಳಿಗೆ ಈ ಎರಡೂ ಇಲ್ಲ. ಹಳ್ಳಿಗೆ ಕಾಲೇಜಿನವರು ಹೋದರೆ ದಾನಿಗಳಾಗಿ ಹೋಗುತ್ತಾರೆ. ದಾನ ಕೊಡಲು ಬಂದವರ ಮುಂದೆ "ಇದು ನಮಗೆ ಬೇಡ" ಎನ್ನುವುದು ನಮ್ಮ ಜನರ ಸಂಸ್ಕಾರದಲ್ಲೇ ಇಲ್ಲ. ಮಜ್ಜಿಗೆ ಕೊಟ್ಟು, ಹೂವಿನ ಹಾರ ಹಾಕಿ, ಚಪ್ಪಾಳೆ ತಟ್ಟಿ ಕಳಿಸುತ್ತಾರೆ.

ಇದು ನಾವು ಪುಸ್ತಕ ಓದಿ ಹೇಳುವ ಮಾತಲ್ಲ. ಗಲ್ಫಿಗೆ ಬರುವ ಮೊದಲು ನಾವು ಕೆಲವು ವರ್ಷ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆವು. ಒಂದು ವರ್ಷ ನಮ್ಮ ವಿದ್ಯಾರ್ಥಿಗಳು ಸೈಕಲ್ಲಿನಂತೆ ತುಳಿದು ಕಡಲೆಕಾಯಿ ಸುಲಿಯುವ ಯಂತ್ರ ಮಾಡಿದರು. ವಿಷಯ ಆರಿಸಿದ್ದು ನಾವೇ. ಬಯಲುಸೀಮೆಯ ಒಂದು ಹಳ್ಳಿಗೆ ಅದನ್ನು ಒಯ್ದು, ಶಾಲೆಯ ಮುಂದೆ ನಿಲ್ಲಿಸಿ, ತುಳಿದು ತೋರಿಸಿ, ಫೋಟೋ ತೆಗೆಸಿಕೊಂಡು ಬಂದೆವು. ಹುಡುಗರಿಗೆ ಒಳ್ಳೆಯ ಅಂಕ ಬಂತು. ನಮಗೆ ಹೆಸರು ಬಂತು.

ಸುಮಾರು ಒಂದು ವರ್ಷದ ಮೇಲೆ ಬೇರೆ ಕೆಲಸಕ್ಕೆ ಆ ದಾರಿಯಲ್ಲಿ ಹೋದಾಗ ಬಸ್ಸಿಳಿದು ನೋಡಿದೆವು. ಯಂತ್ರ ಶಾಲೆಯ ಜಗಲಿಯ ಮೂಲೆಯಲ್ಲಿತ್ತು. ಅದರ ಮೇಲೆ ಯಾರೋ ಗೋಣಿಚೀಲ ಒಣಹಾಕಿದ್ದರು. ಅಲ್ಲಿ ಕೂತಿದ್ದ ಅಜ್ಜಿಯೊಬ್ಬರನ್ನು ಕೇಳಿದೆವು. ಅವರು ಸಿಟ್ಟಿಲ್ಲದೆ ಹೇಳಿದರು: "ಬಿತ್ತನೆ ಬೀಜ ಕೈಯಲ್ಲೇ ಸುಲೀಬೇಕು ಸ್ವಾಮಿ. ನಿಮ್ಮ ಮಿಷನ್ನಿಗೆ ಹಾಕಿದ್ರೆ ಬೀಜ ಒಡೀತದೆ, ಒಡೆದ ಬೀಜ ಮೊಳೆಯಾಕಿಲ್ಲ. ಇನ್ನು ಸುಲಿಯೋ ಕೂಲೀನೇ ನಮ್ಮ ಹೆಂಗಸ್ರಿಗೆ ಬ್ಯಾಸಿಗೇಲಿ ಸಿಗೋ ನಾಕು ಕಾಸು. ಅದನ್ನೂ ಮಿಷನ್ನಿಗೆ ಕೊಟ್ರೆ ನಾವೇನು ಮಾಡಾನ?" ಹಾಗಾದರೆ ಆ ದಿನವೇ ಯಾಕೆ ಹೇಳಲಿಲ್ಲ ಎಂದೆವು. "ನೀವು ಕೇಳ್ಲಿಲ್ಲ. ಕೇಳಿದ್ರೆ ಹೇಳ್ತಿದ್ವಿ" ಎಂದರು.

ಆ ಮಾತನ್ನು ಕಟ್ಟಿಕೊಂಡೇ ನಾವು ಕಡಲು ದಾಟಿ ಬಂದೆವು. ತಪ್ಪು ಲೆಕ್ಕದಲ್ಲಿ ಆಗಿರಲಿಲ್ಲ. ಗೇರು, ಚೈನು, ಜರಡಿ ಎಲ್ಲ ಸರಿಯಾಗಿಯೇ ಇತ್ತು. ಬೀಜ ಯಾತಕ್ಕೆ, ಕೂಲಿ ಯಾರಿಗೆ ಎಂಬ ಎರಡು ಪ್ರಶ್ನೆಗಳನ್ನು ನಾವು ಕೇಳಿರಲಿಲ್ಲ. ವಿದ್ಯಾರ್ಥಿಗಳಿಗೂ ಕೇಳಲು ಕಲಿಸಿರಲಿಲ್ಲ.

ಕೇಳಿದವರು ನಮ್ಮ ನಾಡಿನಲ್ಲೇ ಇದ್ದರು. ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರು ವಿದ್ಯುತ್ ರಸಾಯನಶಾಸ್ತ್ರದಲ್ಲಿ ಜಗತ್ತೇ ಓದುವ ಪಠ್ಯಪುಸ್ತಕದ ಲೇಖಕರಲ್ಲೊಬ್ಬರು. 1974ರಲ್ಲಿ ಅವರು ಕೆಲವು ಸಹೋದ್ಯೋಗಿಗಳೊಡನೆ 'ಅಸ್ತ್ರ' ಎಂಬ ಕೇಂದ್ರ ಆರಂಭಿಸಿದರು. ವಿಜ್ಞಾನ, ತಂತ್ರಜ್ಞಾನಗಳನ್ನು ಹಳ್ಳಿಗಾಡಿಗೆ ಅನ್ವಯಿಸುವುದು ಅದರ ಉದ್ದೇಶ. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ವಿಸ್ತರಣಾ ಕೇಂದ್ರ ತೆರೆದರು. ಸುತ್ತಲಿನ ಆರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಸೌದೆ ಎಷ್ಟು, ನೀರು ಎಲ್ಲಿಂದ, ಹೊರುವವರು ಯಾರು ಎಂದು ಲೆಕ್ಕ ಹಾಕಿದರು.

ಇಷ್ಟೆಲ್ಲ ಮಾಡಿದವರೂ ಮೊದಲ ಸಲ ಎಡವಿದರು ಎಂಬುದೇ ನಮಗೆ ಮುಖ್ಯವಾಗಿ ಕಾಣುವುದು. ಆ ಆರರಲ್ಲಿ ಒಂದಾದ ಪುರ ಎಂಬ ಹಳ್ಳಿಯಲ್ಲಿ ಊರಿಗೆಲ್ಲ ಒಂದೇ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿದರು. ಅಡಿಗೆಗೆ ಗ್ಯಾಸ್ ಕೊಡುವುದು ಉದ್ದೇಶ. ಎರಡು ಹೊತ್ತಿನ ಅಡಿಗೆಗೆ ಗ್ಯಾಸ್ ಸಾಲಲಿಲ್ಲ. ಅದೂ ಅಲ್ಲದೆ ಕಾಸು ಕೊಡದೆ ಆರಿಸಿ ತರುವ ಸೌದೆ ಇರುವಾಗ ಗ್ಯಾಸಿನ ಮೇಲೆ ಜನಕ್ಕೆ ಅಷ್ಟೇನೂ ಆಸೆಯಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಕುಡಿಯುವ ನೀರು. ರೆಡ್ಡಿಯವರ ತಂಡ ಹಟ ಹಿಡಿಯಲಿಲ್ಲ. ಅದೇ ಗ್ಯಾಸಿನಿಂದ ಇಂಜಿನ್ ಓಡಿಸಿ, ವಿದ್ಯುತ್ ಮಾಡಿ, ಕೊಳವೆ ಬಾವಿಯಿಂದ ನೀರೆತ್ತಿ ನಲ್ಲಿಗೆ ಬಿಟ್ಟರು, ಮನೆಗಳಿಗೆ ದೀಪ ಕೊಟ್ಟರು. 1987ರಿಂದ ಆ ವ್ಯವಸ್ಥೆ ನಡೆಯಿತು. ಸಗಣಿ ತಂದು ಹಾಕಿದವರಿಗೆ ಹೊತ್ತು ತಂದ ಕೂಲಿ, ಗೊಬ್ಬರವಾಗಿ ವಾಪಸು ಅವರದೇ ಸಗಣಿ. ಸ್ಥಾವರ ನಡೆಸುತ್ತಿದ್ದವರು ಆ ಊರಿನ ಹುಡುಗರು. ಮೇಲ್ವಿಚಾರಣೆ ಊರಿನ ಸಭೆಯದು. ಹಲವು ವರ್ಷ ನಡೆದ ಮೇಲೆ ಆ ಸ್ಥಾವರ ನಿಂತಿತು. ಆದ್ದರಿಂದ ಇದನ್ನು ಗೆದ್ದ ಕಥೆ ಎಂದು ಹೇಳುತ್ತಿಲ್ಲ. ದೊಡ್ಡ ವಿಜ್ಞಾನಿಗಳು ತಮ್ಮ ಮೊದಲ ಉತ್ತರ ತಪ್ಪೆಂದು ಒಪ್ಪಿ, ಹಳ್ಳಿಯವರ ಪ್ರಶ್ನೆಯನ್ನು ತಮ್ಮದಾಗಿಸಿಕೊಂಡ ಕಥೆ ಎಂದು ಹೇಳುತ್ತಿದ್ದೇವೆ. ನಾವು ಕಡಲೆಕಾಯಿ ಯಂತ್ರವನ್ನು ಜಗಲಿಯಲ್ಲೇ ಬಿಟ್ಟು ಬಂದೆವು. ಅವರು ಉಳಿದು, ಬದಲಾಯಿಸಿದರು. ಅಷ್ಟೇ ವ್ಯತ್ಯಾಸ.

ಇಲ್ಲಿ ಎರಡು ಆಕ್ಷೇಪಗಳನ್ನು ಎದುರಿಸಲೇಬೇಕು.

ಮೊದಲನೆಯದು ಆ ಹುಡುಗನ ತಂದೆ ನಡೆಯುತ್ತಲೇ ಹೇಳಿದ್ದು: "ಮೊದಲು ಕೆಲಸ ಸಿಗಲಿ ಸ್ವಾಮಿ, ಆಮೇಲೆ ಸಮಾಜಸೇವೆ." ಇದನ್ನು ನಕ್ಕು ತಳ್ಳಿಹಾಕುವ ಯೋಗ್ಯತೆ ನಮಗಿಲ್ಲ. ಎರಡು ವರ್ಷದ ಕಾಂಟ್ರಾಕ್ಟು, ವೀಸಾ ನವೀಕರಣ, ಊರಿನ ಸಾಲ, ಮಗನ ಫೀಸು ಇವುಗಳ ನಡುವೆ ಬದುಕುವವರ ಮಾತು ಅದು. ನಾವೂ ಸಂಬಳ ನೋಡಿಯೇ ಪಾಠ ಬಿಟ್ಟು ಇಲ್ಲಿಗೆ ಬಂದವರು. ಆದರೆ ನಾವು ಕೇಳುತ್ತಿರುವುದು ಸಮಾಜಸೇವೆಯಲ್ಲ. ಯಾರ ಕೈಯಲ್ಲಿ ಈಗ ಕೆಲಸವಿದೆಯೋ ಅವರನ್ನು ಕೇಳದೆ ಮಾಡಿದ ಯಂತ್ರ ಯಂತ್ರವಾಗಿಯೂ ಸೋಲುತ್ತದೆ. ನಮ್ಮದು ಸೋತದ್ದು ದಯೆ ಸಾಲದೆ ಅಲ್ಲ, ಬೀಜ ಒಡೆದು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯದು. ಜನ ಕೇಳಿದ್ದೆಲ್ಲ ಸರಿಯೇ? ಕೂಲಿ ಹೋಗುತ್ತದೆಂದು ಯಂತ್ರವೇ ಬೇಡವೆಂದರೆ ರಾಗಿ ಬೀಸುವ ಕಲ್ಲಿಗೇ ನಮ್ಮ ತಾಯಂದಿರು ಅಂಟಿಕೊಂಡಿರಬೇಕಿತ್ತಲ್ಲ? ನಿಜ. ಹಿಟ್ಟಿನ ಗಿರಣಿ ಬಂದಾಗ ಯಾವ ತಾಯಿಯೂ ಅಳಲಿಲ್ಲ. ಆದರೆ ಬೀಸುವುದು ಬಹಳ ಮನೆಗಳಲ್ಲಿ ಕೂಲಿಯಿಲ್ಲದ ದುಡಿಮೆ, ಸುಲಿಯುವುದು ಕೂಲಿಯ ದುಡಿಮೆ. ಈ ವ್ಯತ್ಯಾಸ ಕಾಲೇಜಿನ ವರ್ಕ್‌ಶಾಪಿನಲ್ಲಿ ಕೂತವರಿಗೆ ಕಾಣುವುದಿಲ್ಲ. ಜನ ಹೇಳಿದ್ದಕ್ಕೆಲ್ಲ ತಲೆಯಾಡಿಸಬೇಕೆಂದಿಲ್ಲ. ಕೇಳಬೇಕು, ನಮ್ಮ ವಾದವನ್ನೂ ಹೇಳಬೇಕು, "ಬೇಡ" ಎನ್ನುವ ಅಧಿಕಾರ ಅವರಿಗಿರಬೇಕು. ಆ ಅಧಿಕಾರವಿಲ್ಲದ ಕಡೆ ಸಹಭಾಗಿತ್ವ ಎಂಬ ಪದ ಬರೀ ವರದಿಯ ಪದ.

ಇನ್ನು ಋಣದ ಮಾತು. ವಿಜ್ಞಾನ ಸಂಸ್ಥೆ ನಿಂತಿರುವ ನೆಲಕ್ಕಾಗಿ ಮೈಸೂರು ಸಂಸ್ಥಾನ 371 ಎಕರೆ ಕೊಟ್ಟಿತು. ಸಂಸ್ಥಾನದ್ದು ಎಂದರೆ ಕಂದಾಯ ಕಟ್ಟಿದ ರೈತರದ್ದು. ಸರ್ಕಾರಿ ಕಾಲೇಜುಗಳಲ್ಲಿ ನೂರಿನ್ನೂರು ರೂಪಾಯಿ ಫೀಸು ಕಟ್ಟಿ ಕಲಿತು ಬಂದವರು ನಮ್ಮಲ್ಲೂ ಇದ್ದಾರೆ. ಉಳಿದ ಹಣ ಕೊಟ್ಟವರಲ್ಲಿ ಕಡಲೆಕಾಯಿ ಸುಲಿದ ಆ ಅಜ್ಜಿಯೂ ಒಬ್ಬರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆ ನಮ್ಮಂಥವರನ್ನು ನೋಡಿಯೇ ಹುಟ್ಟಿರಬೇಕು. ಕಾರ್ಖಾನೆ ಕಾಲೇಜಿನ ಹೊಸ ಪಾಲುದಾರ. ಜನ ಹಳೆಯ ಪಾಲುದಾರರು. ಹೊಸಬರು ಬಂದರೆಂದು ಹಳಬರ ಹೆಸರು ಹೊಡೆದುಹಾಕಬಾರದು.

ದಾರಿಗಳಿಲ್ಲವೆಂದಲ್ಲ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ಸಹಾಯ ನೀಡುತ್ತ ಬಂದಿದೆ. ನಾವಿರುವ ಬಹರೇನಿನಲ್ಲೂ 1986ರಲ್ಲಿ ಗಲ್ಫ್ ಪಾಲಿಟೆಕ್ನಿಕ್ ಮತ್ತೊಂದು ಕಾಲೇಜಿನೊಡನೆ ಸೇರಿ ವಿಶ್ವವಿದ್ಯಾಲಯವಾಯಿತು. 2008ರಲ್ಲಿ ಬಹರೇನ್ ಪಾಲಿಟೆಕ್ನಿಕ್ ತೆರೆಯಿತು. ಉದ್ಯೋಗ ಕೊಡುವವರ ಬೇಡಿಕೆ ಕೇಳಿ ಪಾಠ ರೂಪಿಸುವುದನ್ನು ಅದು ತನ್ನ ಗುರಿಯಾಗಿಟ್ಟುಕೊಂಡಿದೆ. ಉದ್ಯೋಗ ಕೊಡುವವರನ್ನು ಕೇಳುವುದು ಎಲ್ಲ ದೇಶಗಳಲ್ಲೂ ರೂಢಿಯಾಗಿದೆ. ಉದ್ಯೋಗ ಮಾಡುವವರನ್ನು ಕೇಳುವುದು ಎಲ್ಲ ಕಡೆಯೂ ಕಡಿಮೆ.

ಆ ಶುಕ್ರವಾರ ಹಿಂತಿರುಗುವಾಗ ಹುಡುಗ ನಿಂತು ಮೇಲೆ ನೋಡಿದ. ಗಾಜು ಒರೆಸುವವರು ಕಟ್ಟಡದ ಮುಂಚಾಚಿದ ಒಂದು ಮೂಲೆಯನ್ನು ಮುಟ್ಟಲು ಕಾಲಿನಿಂದ ಗೋಡೆ ಒದ್ದು ತೂಗಾಡಬೇಕಾಗಿತ್ತು. "ಡಿಸೈನ್ ಮಾಡಿದವರು ಇವರನ್ನು ಒಂದು ಮಾತು ಕೇಳಿದ್ದರೆ ಆ ಮೂಲೆ ಹೀಗಿರ್ತಿರಲಿಲ್ಲ, ಅಲ್ವಾ ಅಂಕಲ್?" ಎಂದ. ನಾವು ಏನೂ ಹೇಳಲಿಲ್ಲ. ಹೇಳಬೇಕಾದ್ದನ್ನು ಅವನೇ ಹೇಳಿದ್ದ.

ಊರಿಗೆ ಹೋಗಿ ತಿಂಗಳ ಮೇಲೆ ಫೋನ್ ಮಾಡಿದ್ದ. ಅಧ್ಯಾಪಕರನ್ನು ಒಪ್ಪಿಸಿ ಎರಡು ದಿನ ಆ ಹೆಂಗಸರ ಜೊತೆ ಕೂತು ಬಂದನಂತೆ. ಸಣ್ಣ ಬಿರುಕುಗಳನ್ನು ಅವರು ಹಿಡಿಯುವುದು ಕಣ್ಣಿನಿಂದಲ್ಲ, ಉಗುರಿನಿಂದ ಸವರಿ ನೋಡಿ ಎಂದು ಅಲ್ಲೇ ಗೊತ್ತಾಯಿತಂತೆ. ಕ್ಯಾಮರಾ ಒಂದೇ ಸಾಲದು ಎಂದು ಈಗ ಯೋಚನೆ ನಡೆದಿದೆ. ಆ ಸಾಧನ ಬಂದ ಮೇಲೆ ಆ ಹೆಂಗಸರ ಗತಿಯೇನು ಎಂದು ಅವರಲ್ಲೊಬ್ಬರು ಅವನನ್ನೇ ಕೇಳಿದರಂತೆ. "ಏನು ಹೇಳಲಿ ಅಂಕಲ್?" ಎಂದ. ನಮ್ಮ ಬಳಿಯೂ ಸಿದ್ಧ ಉತ್ತರವಿರಲಿಲ್ಲ. ಆ ಪ್ರಶ್ನೆಯನ್ನು ಪ್ರಾಜೆಕ್ಟ್ ವರದಿಯಲ್ಲಿ ಬರೆ, ಕಾರ್ಖಾನೆಯವರೂ ಅಧ್ಯಾಪಕರೂ ಓದಲಿ ಎಂದೆವು.

ಸದಸ್ಯ ಬಂಧುಗಳಲ್ಲಿ ಒಂದು ವಿನಂತಿ. ನಿಮ್ಮ ಮಗನೋ ಮಗಳೋ ಪ್ರಾಜೆಕ್ಟಿನ ವಿಷಯ ಹೇಳಿದಾಗ ಅಂಕ ಎಷ್ಟು, ಕಂಪನಿ ಯಾವುದು ಎಂದು ಕೇಳಿದ ಮೇಲೆ ಇನ್ನೂ ಮೂರು ಮಾತು ಕೇಳಿ: ಈ ಕೆಲಸ ಈಗ ಮಾಡುವವರನ್ನು ಕೇಳಿದಿರಾ? ಕೆಟ್ಟರೆ ರಿಪೇರಿ ಯಾರು ಮಾಡುತ್ತಾರೆ? ವರ್ಷದ ಮೇಲೆ ನೋಡಲು ಯಾರು ಹೋಗುತ್ತೀರಿ? ನಮ್ಮಲ್ಲಿ ಹಿಂದೆ ಪಾಠ ಹೇಳಿದವರು, ಈಗ ಕಾರ್ಖಾನೆಗಳಲ್ಲಿ ಹಿರಿಯ ಹುದ್ದೆಯಲ್ಲಿರುವವರು ಹಲವರಿದ್ದಾರೆ. ಮುಂದಿನ ಮಾಸಿಕ ಕೂಟದಲ್ಲಿ ಊಟಕ್ಕೆ ಮುಂಚೆ ಅರ್ಧ ಗಂಟೆ ಇದನ್ನೇ ಮಾತಾಡೋಣ. ಒಪ್ಪದವರು ತಪ್ಪದೆ ಬನ್ನಿ. "ಇದು ಬೇಡ" ಎಂದು ನೀವು ಹೇಳಿದರೆ ಈ ಸಲ ನಾವು ಕೂತು ಕೇಳುತ್ತೇವೆ.