ಆಚೆ ತುದಿಯವರನ್ನೂ ಕೇಳಬಹುದಿತ್ತು

ತೊಂಬತ್ತರ ದಶಕದ ಕೊನೆಗೆ ಲಿನಕ್ಸ್ ಹಾಕಿಕೊಂಡು ಫೋನ್ ತಂತಿಯಲ್ಲಿ ಇಂಟರ್‌ನೆಟ್‌ಗೆ ಹೋಗುತ್ತಿದ್ದವರ ಕಂಪ್ಯೂಟರಿನಲ್ಲಿ ಒಂದು ಪುಟ್ಟ ಫೈಲು ಇರುತ್ತಿತ್ತು. ಮೋಡೆಮ್ ಯಾವ ಪೋರ್ಟಿನಲ್ಲಿದೆ, ವೇಗ ಎಷ್ಟು, ಇಂಥವೇ ನಾಲ್ಕಾರು ಸಾಲು. ಅವುಗಳ ನಡುವೆ ಬಹುತೇಕ ಎಲ್ಲರೂ 'ನೋಆತ್' ಎಂದು ಬರೆದಿಟ್ಟಿರುತ್ತಿದ್ದರು. ಬರೆದರೆ ಕೆಲಸ ಆಗುತ್ತದೆ, ಬರೆಯದಿದ್ದರೆ ಎಷ್ಟೋ ಕಡೆ ಆಗುವುದಿಲ್ಲ. ಅದರಾಚೆಗೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ನನಗೆ ಮಾತ್ರ ಅದು ಈಗ ಯೋಚಿಸಿದಷ್ಟೂ ವಿಚಿತ್ರವಾಗಿ ಕಾಣುತ್ತದೆ. ಫೋನ್ ತಂತಿಯ ಮೇಲೆ ಎರಡು ಕಂಪ್ಯೂಟರುಗಳ ನಡುವೆ ಇಂಟರ್‌ನೆಟ್ ಹರಿಯುವಂತೆ ಮಾಡುತ್ತಿದ್ದದ್ದು ಪಿಪಿಪಿಡಿ ಎಂಬ ಪ್ರೋಗ್ರಾಮು. ಸೇವೆ ಕೊಡುವವರು ನಮ್ಮ ಹೆಸರು, ಪಾಸ್‌ವರ್ಡ್ ಕೇಳುತ್ತಾರೆ; ಅದು ಗೊತ್ತಿದ್ದದ್ದೇ. ಆದರೆ ಈ ಪ್ರೋಗ್ರಾಮು ತಿರುಗಿ ಅವರನ್ನೂ ಕೇಳಬಲ್ಲದು: ನೀವು ಯಾರು, ರುಜುವಾತು ತೋರಿಸಿ ಎಂದು. ಡೆಬಿಯನ್‌ನಂಥ ಲಿನಕ್ಸ್‌ಗಳಲ್ಲಿ ಹಾಗೆ ಕೇಳುವುದೇ ಮೂಲ ಏರ್ಪಾಡು. ಇಂಟರ್‌ನೆಟ್ ಕಂಪನಿಗಳು ಗ್ರಾಹಕನ ಮುಂದೆ ತಮ್ಮ ಗುರುತು ಸಾಬೀತು ಮಾಡುವ ಗೋಜಿಗೆ ಸಾಮಾನ್ಯವಾಗಿ ಹೋಗುತ್ತಿರಲಿಲ್ಲ. ಹಾಗಾಗಿ 'ಅವರನ್ನು ಏನೂ ಕೇಳಬೇಡ, ಸುಮ್ಮನಿರು' ಎಂದು ನಾವೇ ನಮ್ಮ ಪ್ರೋಗ್ರಾಮಿಗೆ ಹೇಳಬೇಕಿತ್ತು. ಅದನ್ನೇ ಆ ಪದ ಹೇಳುತ್ತಿತ್ತು.

ಇದರಲ್ಲಿ ಮೋಸ ಏನೂ ಇಲ್ಲ. ನಂಬರು ತಿರುಗಿಸಿದವರು ನಾವೇ, ಆ ಕಡೆ ಯಾರು ಎತ್ತುತ್ತಾರೆಂಬುದು ಗೊತ್ತಿದ್ದದ್ದೇ. ನನ್ನ ಕುತೂಹಲ ಬೇರೆ: ಕೇಳುವ ಹಕ್ಕು ನಮಗೂ ಇದೆ ಎಂದು ಆ ಪ್ರೋಗ್ರಾಮಿಗೆ ಅನ್ನಿಸಿದ್ದಾದರೂ ಹೇಗೆ?

ಉತ್ತರ ಇರುವುದು ಅದರ ಹಿಂದಿನ ನಿಯಮಾವಳಿಯಲ್ಲಿ. 1994ರಲ್ಲಿ ಆರ್‌ಎಫ್‌ಸಿ 1661 ಎಂಬ ಸಂಖ್ಯೆಯಡಿ ಪ್ರಕಟವಾದ ಪಿಪಿಪಿ ನಿಯಮಗಳಲ್ಲಿ ಕಂಪನಿ, ಗ್ರಾಹಕ ಎಂಬ ಭೇದವೇ ಇಲ್ಲ. ಅಲ್ಲಿರುವುದು ಒಂದು ತಂತಿ, ಎರಡು ತುದಿ. ದತ್ತಾಂಶ ಹರಿಯುವ ಮೊದಲು ಮದುವೆ ಮಾತುಕತೆಗೆ ಕೂತ ಎರಡು ಮನೆಯವರ ಹಾಗೆ ಎರಡೂ ಕಡೆಯವರು ತಮ್ಮ ತಮ್ಮ ಕೋರಿಕೆ ಮುಂದಿಡುತ್ತಾರೆ. ಎದುರಿನವರು ಒಪ್ಪಬಹುದು, 'ಇಷ್ಟಾಗದು, ಇಷ್ಟಾದರೆ ಸರಿ' ಎಂದು ಬೇರೆ ಬೆಲೆ ಸೂಚಿಸಬಹುದು, ಅಂಥ ಕೋರಿಕೆಯೇ ಬೇಡವೆಂದು ತಳ್ಳಿಹಾಕಬಹುದು. ಇಬ್ಬರೂ ಒಪ್ಪುವವರೆಗೆ ಸಂಪರ್ಕವಿಲ್ಲ. ಮುಗಿಸೋಣ ಎನ್ನುವ ಹಕ್ಕೂ ಇಬ್ಬರಿಗೂ ಇದೆ. ಬಾಡಿಗೆ ಮನೆಯ ಮೂಲೆಯಲ್ಲಿದ್ದ ಕಂಪ್ಯೂಟರೂ ದೂರಸಂಪರ್ಕ ಸಂಸ್ಥೆಯ ಯಂತ್ರವೂ ಆ ಕೆಲವು ಸೆಕೆಂಡುಗಳ ಮಟ್ಟಿಗೆ ಸರಿಸಮಾನರು.

ಆ ಮಾತುಕತೆಯಲ್ಲಿ 'ಮ್ಯಾಜಿಕ್ ನಂಬರ್' ಎಂಬುದೊಂದು ಬರುತ್ತದೆ. ಪ್ರತಿ ತುದಿಯೂ ಮನಸ್ಸಿಗೆ ಬಂದ ಒಂದು ಸಂಖ್ಯೆಯನ್ನು ಆರಿಸಿ ಕಳಿಸುತ್ತದೆ. ಎದುರಿನಿಂದ ಬಂದ ಸಂಖ್ಯೆಯೂ ಅದೇ ಆಗಿದ್ದರೆ ಅನುಮಾನಪಡಬೇಕು: ತಂತಿ ಎಲ್ಲೋ ಹಿಂದಕ್ಕೆ ತಿರುಗಿಕೊಂಡಿದೆ, ಆಚೆ ಯಾರೂ ಇಲ್ಲ, ನಾನು ನನ್ನೊಡನೆಯೇ ಮಾತಾಡುತ್ತಿದ್ದೇನೆ. ಇದನ್ನು ವೇದಾಂತಕ್ಕೆ ಎಳೆದು ತರುವ ಆಸೆಯನ್ನು ಕಷ್ಟಪಟ್ಟು ತಡೆದುಕೊಳ್ಳುತ್ತೇನೆ. ಇನ್ನೊಬ್ಬರು ಇದ್ದಾರೆಂದು ನಂಬಲು ಅವರು ನನ್ನಿಂದ ಭಿನ್ನವಾಗಿರಬೇಕು ಎಂಬ ಷರತ್ತನ್ನು ಎಂಜಿನಿಯರುಗಳು ತಂತಿಯ ತೊಂದರೆ ಪತ್ತೆಗೆ ಬರೆದಿಟ್ಟರು ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಪಿಪಿಪಿಡಿಗೆ 'ಡಿಬಗ್' ಎಂದು ಹೇಳಿದರೆ ಈ ಇಡೀ ಸಂಭಾಷಣೆ ಲಾಗ್ ಫೈಲಿನಲ್ಲಿ ಸಾಲು ಸಾಲಾಗಿ ಇಳಿಯುತ್ತಿತ್ತು. ನನ್ನ ಪರವಾಗಿ ಏನು ಕೇಳಲಾಯಿತು, ಯಾವುದಕ್ಕೆ ತಲೆಯಾಡಿಸಲಾಯಿತು, ಯಾವುದು ಬಿದ್ದುಹೋಯಿತು ಎಲ್ಲವೂ. ಸ್ವತಂತ್ರ ತಂತ್ರಾಂಶ ಎಂದಾಗ ಸೋರ್ಸ್ ಕೋಡ್ ಓದುವ ಹಕ್ಕಿನ ಮಾತು ಬರುತ್ತದೆ. ನಿಜ ಹೇಳಬೇಕೆಂದರೆ ಕೋಡ್ ಓದಿದವರು ಕಡಿಮೆ. ಲಾಗ್ ಓದಿದವರು ಬಹಳ, ಅದೂ ಸಂಪರ್ಕ ಸಿಗದ ರಾತ್ರಿಗಳಲ್ಲಿ. ಓದುತ್ತಾ ಓದುತ್ತಾ ತಾವೂ ಆ ಕರಾರಿನ ಒಂದು ಪಕ್ಷ ಎಂಬುದು ಅವರಿಗೆ ತಿಳಿಯಿತು.

ಆ ಫೈಲಿನ ಸಾಲುಗಳನ್ನೆಲ್ಲ ತಾವೇ ಬರೆದುಕೊಳ್ಳಲು ಆಗದವರಿಗೆಂದು ಕೆನಡಾದ ಡೇವ್ ಕೂಂಬ್ಸ್, ಏವರಿ ಪೆನ್ನಾರನ್ 'ಡಬ್ಲ್ಯುವಿಡಯಲ್' ಮಾಡಿದರು. ಮೋಡೆಮನ್ನು ತಾನೇ ಹುಡುಕಿಕೊಂಡು, ಆಚೆಯಿಂದ ಬರುವ ಸಾಲು ಲಾಗಿನ್ ಕೇಳುತ್ತಿದೆಯೋ ಪಾಸ್‌ವರ್ಡ್ ಕೇಳುತ್ತಿದೆಯೋ ಎಂದು ತಾನೇ ಊಹಿಸಿ ಉತ್ತರ ಕೊಡುವ ಜಾಣ ಪ್ರೋಗ್ರಾಮು. ಆ ಜಾಣತನವನ್ನು ಬದಿಗಿಡಲು ಅದರಲ್ಲೊಂದು ಆಯ್ಕೆ. ಹೆಸರು 'ಸ್ಟುಪಿಡ್ ಮೋಡ್'. ಎಷ್ಟೋ ಕಡೆ ಅದನ್ನು ಹಾಕಿದಾಗಲೇ ಸಂಪರ್ಕ ಸಿಗುತ್ತಿತ್ತು. ಊಹೆ ದಿಕ್ಕು ತಪ್ಪಿದಾಗ ಪ್ರೋಗ್ರಾಮು ಪರದೆಯ ಮೇಲೆ ತನ್ನ ಸ್ಥಿತಿಯನ್ನು ನೇರವಾಗಿ ಬರೆಯುತ್ತಿತ್ತು: ಏನು ಮಾಡಬೇಕೋ ತಿಳಿಯುತ್ತಿಲ್ಲ, ಒಳ್ಳೆಯದಾಗಲಿ ಎಂದುಕೊಂಡು ಪಿಪಿಪಿಡಿ ಶುರು ಮಾಡುತ್ತಿದ್ದೇನೆ. ತನಗೆ ತಿಳಿಯದು ಎನ್ನುವ ಪ್ರೋಗ್ರಾಮಿನೊಡನೆ ನಮ್ಮ ವ್ಯವಹಾರವೇ ಬೇರೆ ರೀತಿಯದು. ಆಗ ಉಳಿದ ಯೋಚನೆ ನಮ್ಮ ಪಾಲಿಗೆ ಬರುತ್ತದೆ. ಈಗಿನ ಆಪ್‌ಗಳು ಏನೇ ಆದರೂ 'ಏನೋ ತೊಂದರೆಯಾಗಿದೆ, ಮತ್ತೆ ಪ್ರಯತ್ನಿಸಿ' ಎನ್ನುತ್ತವೆ. ಯಾರಿಗೆ ತೊಂದರೆ, ಎಲ್ಲಿ ತೊಂದರೆ ಎಂಬುದನ್ನು ತಿಳಿಯುವ ಅರ್ಹತೆ ನಮಗಿಲ್ಲ ಎಂಬಂತೆ.

ಎಲ್ಲಕ್ಕೂ ಎಲ್ಲೆ ಇತ್ತು. ಅಗ್ಗದ 'ವಿನ್‌ಮೋಡೆಮ್'ಗಳು ಬಂದಾಗ ಈ ಸಮಾನತೆ ತಂತಿ ತಲುಪುವ ಮೊದಲೇ ನಿಂತುಹೋಯಿತು. ಮೋಡೆಮ್ ಮಾಡಬೇಕಾದ ಕೆಲಸವನ್ನು ವಿಂಡೋಸ್‌ನ ಡ್ರೈವರಿಗೆ ಬಿಟ್ಟ ಕಾರ್ಡುಗಳವು. ತಯಾರಕರು ಅವುಗಳ ಒಳಗುಟ್ಟು ಕೊಡದಿದ್ದ ಕಡೆ ಲಿನಕ್ಸ್ ಕೈಕಟ್ಟಿ ಕೂತಿತು.

ಇನ್ನು ಹಣದ ಮಾತು. 1995ರ ಆಗಸ್ಟ್ 15ರಂದು ದೂರಸಂಪರ್ಕ ಸಂಸ್ಥೆ ವಿಎಸ್‌ಎನ್‌ಎಲ್ ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆದ ಮೇಲೆ ಅದು ಗಂಟೆಗಳ ಲೆಕ್ಕದಲ್ಲಿ ಮಾರಾಟವಾಯಿತು. ಫೋನ್ ಬಿಲ್ಲು ಬೇರೆ. 56 ಕಿಲೋಬಿಟ್ ಮೋಡೆಮಿನಲ್ಲಿ 5 ಎಂಬಿಯ ಒಂದು ಹಾಡಿಗೆ, ಎಲ್ಲ ಸರಿಯಿದ್ದರೂ, 12 ನಿಮಿಷ. ಲಿನಕ್ಸ್‌ನ ಕೆಡಿಇ ಡೆಸ್ಕ್‌ಟಾಪ್ ಜೊತೆ ಬರುತ್ತಿದ್ದ 'ಕೆಪಿಪಿಪಿ' ಪ್ರೋಗ್ರಾಮಿನಲ್ಲಿ ಆಯಾ ದೇಶದ ಫೋನ್ ದರದ ನಿಯಮ ತುಂಬಿಸಿದರೆ ಈ ಕರೆಗೆ ಎಷ್ಟಾಯಿತು, ಈ ತಿಂಗಳು ಎಷ್ಟಾಯಿತು ಎಂದು ಅದು ತೋರಿಸುತ್ತಿತ್ತು. ಮೀಟರು ಸೇವೆ ಕೊಡುವವರ ಕಡೆ ಮಾತ್ರ ಇರಬೇಕೆಂದಿಲ್ಲ, ಪಾವತಿ ಮಾಡುವವರ ಕೈಯಲ್ಲೂ ಇರಬಹುದು ಎಂಬ ನಿಲುವು ಅದು. ಪಿಪಿಪಿಡಿಗೆ 'ಐಡಲ್ 300' ಎಂದರೆ ಐದು ನಿಮಿಷ ಯಾವ ದತ್ತಾಂಶವೂ ಓಡಾಡದಿದ್ದಾಗ ತಾನೇ ಫೋನ್ ಇಡುತ್ತಿತ್ತು. ಬಳಸುವವರನ್ನು ಹಿಡಿದಿಡುವುದಲ್ಲ, ಬಿಟ್ಟುಕೊಡುವುದು ಒಳ್ಳೆಯ ಪ್ರೋಗ್ರಾಮಿನ ಗುಣ ಎನಿಸಿದ್ದ ಕಾಲ. ಪಿಪಿಪಿ ನಿಯಮಾವಳಿಯ ಪ್ರಕಾರವೂ ಪ್ರತಿ ಸಂಪರ್ಕ 'ಡೆಡ್' ಎಂಬ ಹಂತದಲ್ಲಿ ಆರಂಭವಾಗಿ ಅಲ್ಲಿಯೇ ಕೊನೆಗೊಳ್ಳುತ್ತದೆ. ಸಂಪರ್ಕ ಇಲ್ಲದಿರುವುದನ್ನು ಅದು ದೋಷವೆಂದು ಎಣಿಸುವುದಿಲ್ಲ.

ಪಿಪಿಪಿ ಹಳೆಯ ವಸ್ತುಗಳ ಜೊತೆ ಅಟ್ಟ ಸೇರಿಲ್ಲ. 1999ರಲ್ಲಿ ಅದನ್ನು ಎತರ್‌ನೆಟ್ ಮೇಲೆ ಓಡಿಸುವ ಪಿಪಿಪಿಒಇ ಬಂತು. ಇಂದು ಎಷ್ಟೋ ಮನೆಗಳ ಫೈಬರ್ ಸಂಪರ್ಕ ಅದರ ಮೇಲೆಯೇ ನಿಂತಿದೆ. ಗೋಡೆಗೆ ನೇತುಹಾಕಿದ ರೌಟರಿನೊಳಗೆ ಹಲವು ಕಡೆ ಕೆಲಸ ಮಾಡುತ್ತಿರುವುದು ಅದೇ ಪಿಪಿಪಿಡಿ. 'ಐಡಲ್' ಆಯ್ಕೆ ಅದರಲ್ಲಿ ಈಗಲೂ ಇದೆ. ಸಂಪರ್ಕ ಬಿದ್ದರೆ ಮತ್ತೆ ಮತ್ತೆ ಎಬ್ಬಿಸುವ 'ಪರ್ಸಿಸ್ಟ್' ಕೂಡ ಇದೆ. ಹಲವು ರೌಟರುಗಳ ಸೆಟ್ಟಿಂಗ್ ಪುಟದಲ್ಲಿ ಸದಾ ಸಂಪರ್ಕ, ಬೇಕಾದಾಗ ಸಂಪರ್ಕ, ಕೈಯಾರೆ ಸಂಪರ್ಕ ಎಂಬ ಮೂರು ಆಯ್ಕೆ ಇಂದಿಗೂ ಕಾಣುತ್ತವೆ. ಆ ಪುಟ ತೆರೆಯಲು ಪಾಸ್‌ವರ್ಡ್ ಬೇಕು. ಅದು ಬಹಳ ಮನೆಗಳಲ್ಲಿ ಸಂಪರ್ಕ ಹಾಕಿಕೊಟ್ಟು ಹೋದ ಹುಡುಗನ ಹತ್ತಿರ ಮಾತ್ರ ಇರುತ್ತದೆ. ಕೇಳಿದರೆ ಕೊಡುತ್ತಾನೆ.