ವೀರಪದಕವೂ ವೀರನೂ

ಕಳೆದ ಸ್ವಾತಂತ್ರ್ಯೋತ್ಸವದ ದಿನ ನಮ್ಮ ಲೋಕಾಪುರದ ಒಂದು ಶಾಲೆಯಲ್ಲಿ ಧ್ವಜಾರೋಹಣವಾದ ತರುವಾಯ ಮಕ್ಕಳಿಗೆ ನಾಲ್ಕು ಮಾತು ಹೇಳಬೇಕೆಂದು ನನ್ನನ್ನು ಕರೆದಿದ್ದರು. ಪರಮವೀರಚಕ್ರವನ್ನು ಪಡೆದವರ ವಿಷಯವಾಗಿ ನನಗೆ ತಿಳಿದಷ್ಟನ್ನು ಹೇಳಿ ಕುಳಿತೆನು. ಆಗ ಹಿಂದಿನ ಸಾಲಿನಿಂದ ಒಬ್ಬ ಹುಡುಗನು ಎದ್ದು ನಿಂತು, “ಗುರುಗಳ, ಅವರು ಪದಕದ ಸಲುವಾಗಿ ಕಾದಾಡಿದ್ರೇನ್ರಿ? ಅಲ್ಲಂದ್ರ, ಅವರಿಗೆ ಅದನ್ನ ಯಾಕ ಕೊಟ್ಟಾರ್ರೀ?” ಎಂದು ಕೇಳಿದನು. ಅದು ರಾಷ್ಟ್ರವು ತೋರುವ ಗೌರವವೆಂದು ನಾನು ಬಾಯಿಗೆ ಬಂದ ಉತ್ತರವನ್ನು ಕೊಟ್ಟು ಅವನನ್ನು ಕೂಡ್ರಿಸಿದೆನು. ಹುಡುಗನೇನೋ ಸುಮ್ಮನಾದನು. ಆದರೆ ನನ್ನ ಉತ್ತರವು ಉತ್ತರವೇ ಅಲ್ಲವೆಂಬುದು ಮನೆಗೆ ಬರುವಷ್ಟರಲ್ಲಿಯೇ ನನಗೆ ಮನವರಿಕೆಯಾಯಿತು. ಅಂದಿನಿಂದ ಮಾಡಿದ ವಿಚಾರವನ್ನು ಈಗ ವಾಚಕರ ಮುಂದಿಡುತ್ತೇನೆ.

ಹುಡುಗನು ಅರಿಯದೆಯೇ ನನ್ನ ಮುಂದೆ ಒಡ್ಡಿದ್ದು ಶಾಸ್ತ್ರಜ್ಞರು ಉಭಯತಃಪಾಶಾ ರಜ್ಜು ಎನ್ನುವಂಥ, ಎರಡು ತುದಿಗಳಲ್ಲಿಯೂ ಕುಣಿಕೆಯುಳ್ಳ ಹಗ್ಗ. ವೀರನು ಪದಕಕ್ಕಾಗಿ ಹೋರಾಡಿದನೆಂದರೆ ಅವನು ಲಾಭಾಪೇಕ್ಷಿಯಾಗುವನು; ಅವನ ಶೌರ್ಯವು ವ್ಯಾಪಾರವಾಗುವುದು. ಪದಕಕ್ಕಾಗಿ ಅಲ್ಲವೆಂದರೆ, ಅವನು ಬಯಸದೆ ಇದ್ದುದನ್ನು ಅವನಿಗೆ ಕೊಡುವುದರಿಂದ ಆಗುವ ಪ್ರಯೋಜನವೇನು? ಮೇಲಾಗಿ ಪಡೆಯತಕ್ಕವನು ರಣದಲ್ಲಿಯೇ ಮಡಿದಿದ್ದರೆ ಕೊಡುವುದಾದರೂ ಯಾರಿಗೆ?

ಮೊದಲು ಪದಕದ ಸ್ವರೂಪವನ್ನು ನೋಡುವ. ಪರಮವೀರಚಕ್ರವು ೧೯೫೦ನೆಯ ಇಸವಿ ಜನವರಿ ೨೬ರಂದು ಸ್ಥಾಪಿತವಾಯಿತು. ೧೯೪೭ರ ಆಗಸ್ಟ್ ೧೫ರಿಂದಲೇ ಅನ್ವಯಿಸುವಂತೆ ಅದನ್ನು ವಿಧಿಸಿದರು. ಶತ್ರುವಿನ ಎದುರಿನಲ್ಲಿ ತೋರಿದ ಅತ್ಯುನ್ನತ ಶೌರ್ಯಕ್ಕೆ ಮಾತ್ರ ಅದು ಸಲ್ಲುವುದು. ಇದುವರೆಗೆ ಅದನ್ನು ಪಡೆದವರು ಇಪ್ಪತ್ತೊಂದು ಜನ. ಅವರಲ್ಲಿ ಹದಿನಾಲ್ವರಿಗೆ ಮರಣಾನಂತರ ಸಂದಿತು. ಪದಕವು ಬಂಗಾರದ್ದಲ್ಲ, ಬೆಳ್ಳಿಯದೂ ಅಲ್ಲ, ಕಂಚಿನದು. ನಡುವೆ ರಾಜ್ಯಲಾಂಛನ, ಅದರ ಸುತ್ತ ಇಂದ್ರನ ವಜ್ರಾಯುಧದ ನಾಲ್ಕು ಆಕೃತಿಗಳು. ಇದರ ರೇಖಾಕಲ್ಪನೆಯನ್ನು ಮಾಡಿದವರು ಸಾವಿತ್ರಿ ಖಾನೋಲ್ಕರ ಎಂಬ ಮಹಿಳೆ. ಇವರು ಹುಟ್ಟಿದುದು ಸ್ವಿಟ್ಜರ್ಲೆಂಡಿನಲ್ಲಿ. ಭಾರತೀಯ ಸೇನಾಧಿಕಾರಿಯೊಬ್ಬರನ್ನು ವರಿಸಿ, ಈ ದೇಶದ ಪುರಾಣಶಾಸ್ತ್ರಗಳನ್ನು ಅಕ್ಕರೆಯಿಂದ ಅಭ್ಯಾಸಮಾಡಿದವರು.

ವಜ್ರಾಯುಧವು ಹೇಗೆ ಹುಟ್ಟಿತೆಂಬುದನ್ನು ನಮ್ಮ ಮನೆಗಳಲ್ಲಿ ಅಜ್ಜಿಯರೇ ಹೇಳಿಕೊಡುತ್ತಾರೆ. ವೃತ್ರನನ್ನು ಕೊಲ್ಲಲು ಬೇರೆ ಆಯುಧವಿಲ್ಲದೆ ದೇವತೆಗಳು ದಧೀಚಿಯ ಬಳಿಗೆ ಬಂದರು. ಆ ಋಷಿಯು ತನ್ನ ದೇಹವನ್ನು ಬಿಟ್ಟು ಎಲುಬುಗಳನ್ನು ದಾನಮಾಡಿದನು. ದಧೀಚಿಯು ಯಾರನ್ನೂ ಹೊಡೆಯಲಿಲ್ಲ. ರಣರಂಗವನ್ನು ಅವನು ಕಾಣಲೂ ಇಲ್ಲ. ಆದರೂ ಯುದ್ಧವೀರರ ಅತ್ಯುನ್ನತ ಪದಕದ ಮೇಲೆ ಇರುವುದು ಅವನ ಎಲುಬಿನ ಗುರುತು. ನಮ್ಮ ಆಲಂಕಾರಿಕರು ವೀರರಸಕ್ಕೆ ಉತ್ಸಾಹವನ್ನು ಸ್ಥಾಯಿಯೆಂದು ಹೇಳಿ, ಯುದ್ಧವೀರನೊಡನೆ ದಾನವೀರ, ದಯಾವೀರ, ಧರ್ಮವೀರರನ್ನೂ ಎಣಿಸಿದರು. ಕೊಲ್ಲುವ ಶಕ್ತಿಯೇ ವೀರತ್ವವಾಗಿದ್ದರೆ ಈ ವಿಭಾಗಕ್ಕೆ ಅರ್ಥವಿರುತ್ತಿರಲಿಲ್ಲ.

ಇದಕ್ಕೆ ನಿದರ್ಶನವು ನಮ್ಮ ಕರ್ನಾಟಕದಲ್ಲಿಯೇ ಇದೆ. ಕಾರವಾರದ ಹತ್ತಿರದ ಚೆಂಡಿಯಾ ಎಂಬ ಗ್ರಾಮದಲ್ಲಿ ೧೯೧೮ನೆಯ ಜೂನ್ ೨೬ರಂದು ರಾಮ ರಾಘೋಬಾ ರಾಣೆಯವರು ಜನಿಸಿದರು. ತಂದೆ ಪೋಲೀಸ್ ಸಿಪಾಯಿ. ೧೯೪೦ರಲ್ಲಿ ರಾಣೆಯವರು ಬಾಂಬೆ ಇಂಜಿನಿಯರ್ ದಳವನ್ನು ಸೇರಿ, ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ದೇಶದಲ್ಲಿ ಸೇವೆ ಸಲ್ಲಿಸಿ, ೧೯೪೭ರ ಡಿಸೆಂಬರಿನಲ್ಲಿ ಸೆಕೆಂಡ್ ಲೆಫ್ಟೆನೆಂಟರಾದರು. ೧೯೪೮ನೆಯ ಏಪ್ರಿಲ್ ತಿಂಗಳಲ್ಲಿ ಕಾಶ್ಮೀರದ ನೌಶೇರಾದಿಂದ ರಾಜೌರಿಗೆ ನಮ್ಮ ಸೈನ್ಯವು ಸಾಗಬೇಕಾಗಿತ್ತು. ಗುಡ್ಡಗಳ ನಡುವಿನ ಆ ಹಾದಿಯಲ್ಲಿ ಶತ್ರುಗಳು ನೆಲಬಾಂಬುಗಳನ್ನು ಹೂಳಿದ್ದರು, ಪೈನ್ ಮರಗಳನ್ನು ಕೆಡವಿದ್ದರು, ಸೇತುವೆಯನ್ನು ಒಡೆದಿದ್ದರು. ಹಾದಿಯನ್ನು ಬಿಡಿಸುವ ಹೊಣೆಯು ರಾಣೆಯವರ ತುಕಡಿಯ ಮೇಲೆ ಬಿದ್ದಿತು. ಏಪ್ರಿಲ್ ೮ರಂದು ಬೆಳಗಿನ ಹನ್ನೊಂದು ಗಂಟೆಗೆ, ಕೆಲಸವು ಆರಂಭವಾಗುವ ಮುನ್ನವೇ, ಮಾರ್ಟರ್ ಗುಂಡುಗಳು ಬಿದ್ದು ಅವರ ಇಬ್ಬರು ಜನ ಸತ್ತರು, ಐವರು ಗಾಯಗೊಂಡರು. ಆ ಐವರಲ್ಲಿ ರಾಣೆಯವರೂ ಒಬ್ಬರು.

ಗಾಯಗೊಂಡ ಮನುಷ್ಯನು ಹಿಂದಕ್ಕೆ ಹೋಗಬಹುದಾಗಿತ್ತು. ಯಾರೂ ತಪ್ಪೆನ್ನುತ್ತಿರಲಿಲ್ಲ. ರಾಣೆಯವರು ಹೋಗಲಿಲ್ಲ. ಅಂದು ರಾತ್ರಿ ಹತ್ತು ಗಂಟೆಯವರೆಗೆ ಶತ್ರುಗಳ ಕಣ್ಣೆದುರಿನಲ್ಲಿಯೇ ದುಡಿದರು. ಮರುದಿನ ಬೆಳಗಿನ ಆರು ಗಂಟೆಗೆ ಮತ್ತೆ ಮೊದಲು ಮಾಡಿದರು. ೧೦ನೆಯ ತಾರೀಖು ಕೋಳಿ ಕೂಗುವ ಹೊತ್ತಿಗೆ, ಐದು ಗಂಟೆಗೂ ಮೊದಲೇ ಎದ್ದು, ಅನ್ನವಿಲ್ಲದೆ ವಿಶ್ರಾಂತಿಯಿಲ್ಲದೆ ರಾತ್ರಿ ಒಂಬತ್ತರವರೆಗೆ ಕೆಲಸ ನಡೆಸಿದರು. ೧೧ರಂದು ಹನ್ನೊಂದು ಗಂಟೆಗೆ ಚಿಂಗಾಸ್‌ವರೆಗಿನ ದಾರಿಯು ತೆರವಾಯಿತು. ಅಲ್ಲಿಂದ ಮುಂದಿನ ದಾರಿಗಾಗಿ ಪುನಃ ರಾತ್ರಿ ಹತ್ತರವರೆಗೆ ಶ್ರಮಿಸಿದರು. ಒಂದು ಸಂದರ್ಭದಲ್ಲಿ ಟ್ಯಾಂಕಿನ ಅಡಿಯಲ್ಲಿ ತೆವಳುತ್ತ, ಹಗ್ಗದಿಂದ ಚಾಲಕನಿಗೆ ಸಂಜ್ಞೆ ಮಾಡಿ, ನೆಲಬಾಂಬುಗಳ ನಡುವೆ ಅದನ್ನು ಮುಂದಕ್ಕೆ ಸಾಗಿಸಿದರೆಂದು ಹೇಳುತ್ತಾರೆ. ೧೯೫೦ರ ಜೂನ್ ತಿಂಗಳಲ್ಲಿ ಪ್ರಕಟವಾದ ಮೊದಲ ಐದು ಪರಮವೀರಚಕ್ರಗಳಲ್ಲಿ ಒಂದು ಇವರದು. ಅದನ್ನು ಬದುಕಿರುವಾಗ ಪಡೆದವರಲ್ಲಿ ಇವರೇ ಮೊದಲಿಗರು.

ಇಲ್ಲಿ ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ಈ ನಾಲ್ಕು ದಿನಗಳ ವೃತ್ತಾಂತದಲ್ಲಿ ರಾಣೆಯವರು ಎಷ್ಟು ಜನರನ್ನು ಕೊಂದರೆಂಬ ಲೆಕ್ಕವೇ ಬರುವುದಿಲ್ಲ. ಅವರು ಮಾಡಿದುದು ಹಾದಿ ಬಿಡಿಸುವ ಕೆಲಸ. ನಮ್ಮ ಊರುಗಳಲ್ಲಿ ಗುದ್ದಲಿ ಹಿಡಿದವರು ಮಾಡುವಂಥದು. ಒಂದು ಕ್ಷಣದ ಆವೇಶದಲ್ಲಿ ಪ್ರಾಣವನ್ನು ಎಸೆದುಬಿಡುವುದು ಒಂದು ಬಗೆ. ಗಾಯಗೊಂಡ ಮೈಯಿಂದ ನಾಲ್ಕು ದಿನ, ಪ್ರತಿ ಅಂಗುಲವನ್ನೂ ಬೆರಳಿನಿಂದ ತಡವಿ ನೋಡುತ್ತ, ಪ್ರತಿ ಗಳಿಗೆಯೂ ಪ್ರಾಣವನ್ನು ಹೊಸದಾಗಿ ಒಪ್ಪಿಸುತ್ತ ಹೋಗುವುದು ಮತ್ತೊಂದು ಬಗೆ. ಸಾಹಸವೆಂಬ ಶಬ್ದವನ್ನು ನಾವು ಹೊಗಳಿಕೆಯಾಗಿ ಬಳಸುತ್ತೇವೆ. ನಮ್ಮ ಮುಧೋಳದ ರನ್ನನೂ ತನ್ನ ಗದಾಯುದ್ಧಕ್ಕೆ ಸಾಹಸಭೀಮವಿಜಯವೆಂದು ಹೆಸರಿಟ್ಟನು. ಆದರೆ ಧರ್ಮಶಾಸ್ತ್ರದ ವ್ಯವಹಾರಕಾಂಡದಲ್ಲಿ ಸಾಹಸವೆಂದರೆ ಬಲಾತ್ಕಾರದಿಂದ ಮಾಡಿದ ಅಪರಾಧ. ಅದಕ್ಕೆ ದಂಡವನ್ನು ವಿಧಿಸಿದ್ದಾರೆ. ಬಲವು ತಾನಾಗಿ ಪುಣ್ಯವೂ ಅಲ್ಲ, ಪಾಪವೂ ಅಲ್ಲ; ಅದನ್ನು ಯಾವುದಕ್ಕೆ ತೆತ್ತರೆಂಬುದರಿಂದ ಅದರ ಜಾತಿಯು ನಿರ್ಣಯವಾಗುವುದು.

ಹಾಗಾದರೆ ಆ ನಿರ್ಣಯವನ್ನು ಮಾಡತಕ್ಕವರು ಯಾರು? ಇದು ಎರಡನೆಯ ಪೂರ್ವಪಕ್ಷ. ಇದನ್ನು ಎತ್ತಲು ನಾವು ದೂರ ಹೋಗಬೇಕಾಗಿಲ್ಲ. ಇಂಗ್ಲಿಷರ ಅತ್ಯುನ್ನತ ಪದಕವಾದ ವಿಕ್ಟೋರಿಯಾ ಕ್ರಾಸ್ ೧೮೫೬ರಲ್ಲಿ ಸ್ಥಾಪಿತವಾಯಿತು. ಮರುವರ್ಷ ಜುಲೈ ತಿಂಗಳಲ್ಲಿ ಕೊಲ್ಲಾಪುರದಲ್ಲಿ ದಂಗೆಯೆದ್ದ ಸಿಪಾಯಿಗಳು ಒಂದು ಭದ್ರಸ್ಥಾನವನ್ನು ಹಿಡಿದು ನಿಂತಾಗ, ಅದರೊಳಗೆ ನುಗ್ಗಿದ ಲೆಫ್ಟೆನೆಂಟ್ ಕೆರ್ ಎಂಬ ಅಧಿಕಾರಿಗೆ ಆ ಪದಕವನ್ನು ಕೊಟ್ಟರು. ಅದೇ ವರ್ಷದ ನವೆಂಬರಿನಲ್ಲಿ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು, ಆಯುಧಗಳನ್ನು ಒಪ್ಪಿಸಬೇಕೆಂಬ ಸರಕಾರದ ಕಾಯಿದೆಗೆ ತಲೆಬಾಗದೆ, ಕುಂಪಣಿಯ ದಂಡಿನ ಎದುರು ನಿಂತು ಹೋರಾಡಿದರು. ಊರಿಗೆ ಬೆಂಕಿ ಬಿದ್ದಿತು. ಡಿಸೆಂಬರಿನಲ್ಲಿ ಅವರ ಮುಖಂಡರಾದ ಹತ್ತೊಂಬತ್ತು ಜನರನ್ನು ಗಲ್ಲಿಗೇರಿಸಿದರು. ಕೊಲ್ಲಾಪುರದಲ್ಲಿ ನುಗ್ಗಿದವನ ಧೈರ್ಯವು ಸುಳ್ಳೆಂದು ನಾನು ಹೇಳಲಾರೆ. ಸಾವಿನ ಬಾಗಿಲಿಗೆ ಹೋದವನನ್ನು ಹೇಡಿಯೆನ್ನುವುದು ಅನ್ಯಾಯ. ಆದರೆ ಒಂದೇ ವರ್ಷದಲ್ಲಿ, ಒಂದೇ ಸೀಮೆಯಲ್ಲಿ, ಒಬ್ಬನ ಎದೆಗೆ ಪದಕವೂ ಹತ್ತೊಂಬತ್ತು ಜನರ ಕೊರಳಿಗೆ ಹಗ್ಗವೂ ಬಿದ್ದುವು. ಎರಡನ್ನೂ ಕೊಟ್ಟ ಕೈ ಒಂದೇ. ಆದುದರಿಂದ ರಾಜ್ಯವು ಕೊಡುವ ಪದಕವು ಶೌರ್ಯದ ಅಳತೆಗೋಲೆಂದು ಹೇಳಲು ಬರುವುದಿಲ್ಲ. ಯಾವ ರಾಜ್ಯವೂ ತನಗೆ ಸಂದ ಶೌರ್ಯವನ್ನು ಮಾತ್ರ ಕಾಣಬಲ್ಲುದು. ಹಲಗಲಿಯವರಿಗೆ ಸಂದ ಪದಕವು ಲಾವಣಿ. ಕೊಟ್ಟವರು ನಮ್ಮ ಸೀಮೆಯ ಹಾಡುಗಾರರು. ಅದು ಇಂದಿಗೂ ತುಕ್ಕು ಹಿಡಿದಿಲ್ಲ.

ಮೂರನೆಯ ಪೂರ್ವಪಕ್ಷವು ಇದಕ್ಕಿಂತಲೂ ಕಠಿಣವಾದದ್ದು. ಏಪ್ರಿಲ್ ೮ರಂದು ಸತ್ತ ಆ ಇಬ್ಬರ ಗತಿಯೇನು? ಅವರೂ ಅದೇ ಹಾದಿಯಲ್ಲಿ, ಅದೇ ಗುಂಡಿನ ಕೆಳಗೆ, ಅದೇ ಕೆಲಸಕ್ಕೆ ನಿಂತಿದ್ದರು. ತೆತ್ತುದನ್ನು ನೋಡಿದರೆ ರಾಣೆಯವರಿಗಿಂತ ಹೆಚ್ಚಾಗಿಯೇ ತೆತ್ತರು. ಶಾಲೆಯ ಮಕ್ಕಳಿಗೆ ನಾವು ಅವರ ಹೆಸರುಗಳನ್ನು ಕಲಿಸುವುದಿಲ್ಲ. ಸಾಕ್ಷಿಯು ಇದ್ದಲ್ಲಿ ಮಾತ್ರ ಪದಕವು ಹುಟ್ಟುವುದು. ಸಾಕ್ಷಿಗಳೆಲ್ಲರೂ ಮಡಿದ ಕಡೆ ಎಂಥ ಶೌರ್ಯವಾದರೂ ಮಣ್ಣುಪಾಲೇ. ಹೀಗಿರುವಾಗ ಒಬ್ಬನನ್ನು ಆರಿಸಿ ಪರಮವೀರನೆನ್ನುವುದು ಉಳಿದವರಿಗೆ ಮಾಡುವ ಅವಮಾನವಲ್ಲವೆ?

ಈ ಪ್ರಶ್ನೆಗಳಿಗೆ ಸಮಾಧಾನವನ್ನು ನಾನು ಪಾಠಶಾಲೆಯಲ್ಲಿ ಕಲಿತ ಒಂದು ಹಳೆಯ ದೃಷ್ಟಾಂತದಲ್ಲಿ ಕಂಡುಕೊಂಡೆನು. ದೇವದತ್ತನ ಮನೆ ಯಾವುದೆಂದು ಒಬ್ಬನು ಕೇಳುತ್ತಾನೆ. ಅಗೋ, ಆ ಕಾಗೆ ಕುಳಿತಿರುವ ಮನೆಯೆಂದು ಮತ್ತೊಬ್ಬನು ತೋರಿಸುತ್ತಾನೆ. ಕಾಗೆಯು ಮನೆಯ ಭಾಗವಲ್ಲ, ಮನೆಯ ಗುಣವೂ ಅಲ್ಲ, ಮರುಗಳಿಗೆಯಲ್ಲಿ ಹಾರಿಹೋಗುವುದು. ಆದರೂ ಮನೆಯನ್ನು ಗುರುತಿಸುವ ಕೆಲಸವನ್ನು ಅದು ಮಾಡಿಕೊಟ್ಟಿತು. ಇದಕ್ಕೆ ಶಾಸ್ತ್ರದಲ್ಲಿ ಉಪಲಕ್ಷಣವೆಂದು ಹೆಸರು. ವಸ್ತುವಿನಲ್ಲಿಯೇ ಬೆರೆತಿರುವುದು ವಿಶೇಷಣ. ವಸ್ತುವಿನ ಹೊರಗಿದ್ದು ಅದರತ್ತ ಬೆರಳು ಮಾಡುವುದು ಉಪಲಕ್ಷಣ. ಪದಕವು ವೀರನಿಗೆ ವಿಶೇಷಣವೆಂದು ಬಗೆದುದೇ ನಮ್ಮ ಭ್ರಾಂತಿ. ವಿಶೇಷಣವಾಗಿದ್ದರೆ ಪದಕವಿಲ್ಲದವನಲ್ಲಿ ವೀರತ್ವವೂ ಇಲ್ಲವೆನ್ನಬೇಕಾಗುತ್ತಿತ್ತು. ಉಪಲಕ್ಷಣವೆಂದ ಮೇಲೆ ಆ ದೋಷವಿಲ್ಲ. ಕಾಗೆ ಕೂಡ್ರದ ಮನೆಗಳೂ ಮನೆಗಳೇ. ಕಾಗೆಯು ತೋರಿಸಿಕೊಟ್ಟುದು ಒಂದನ್ನು, ಆದರೆ ಅದರಿಂದ ನಮ್ಮ ಕಣ್ಣು ಆ ಓಣಿಯತ್ತ ತಿರುಗಿತು. ರಾಣೆಯವರ ಪದಕವಿಲ್ಲದಿದ್ದರೆ ಆ ಇಬ್ಬರು ಹೆಸರಿಲ್ಲದವರು ಸತ್ತರೆಂಬುದೂ ಲೋಕಾಪುರದ ನನಗೆ ತಿಳಿಯುತ್ತಿರಲಿಲ್ಲ.

ನಮ್ಮ ಪೂರ್ವಿಕರು ಇದನ್ನು ಚೆನ್ನಾಗಿ ಅರಿತಿದ್ದರು. ಕರ್ನಾಟಕದ ಊರೂರುಗಳಲ್ಲಿ ನಿಂತಿರುವ ವೀರಗಲ್ಲುಗಳನ್ನು ನೋಡಿರಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ಅವು ಬರಿಯ ಅರಸರಿಗಾಗಿ ನಿಂತವಲ್ಲ. ತುರುಗಳನ್ನು ಬಿಡಿಸಲು ಹೋಗಿ ಸತ್ತ ಊರಿನ ಸಾಮಾನ್ಯನಿಗೂ ಕಲ್ಲು ನಿಂತಿದೆ. ಕ್ರಿ. ಶ. ೯೫೦ರ ಸುಮಾರಿನ ಆತಕೂರಿನ ಶಾಸನದಲ್ಲಿ ಇನ್ನೂ ಸೊಗಸಾದ ಸಂಗತಿಯಿದೆ. ಚೋಳರೊಡನೆ ನಡೆದ ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನಿಗೆ, ಬೇಕಾದುದನ್ನು ಬೇಡೆಂದು ಗಂಗ ಬೂತುಗನು ಮೆಚ್ಚಿ ಹೇಳಿದಾಗ, ಅವನು ಬೇಡಿದ್ದು ಕಾಳಿಯೆಂಬ ನಾಯಿಯನ್ನು. ಆ ನಾಯಿಯು ಮುಂದೆ ಒಂದು ದೊಡ್ಡ ಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಅದಕ್ಕೂ ಕಲ್ಲು ನಿಲ್ಲಿಸಿದರು. ನಾಯಿಯು ಕಲ್ಲಿನ ಆಸೆಯಿಂದ ಹೋರಾಡಿತೆಂದು ಯಾರೂ ಹೇಳುವಂತಿಲ್ಲ. ನಿಲ್ಲಿಸಿದವರು ನಾಯಿಗೆ ಉಪಕಾರ ಮಾಡುತ್ತೇವೆಂದು ನಿಲ್ಲಿಸಲಿಲ್ಲ. ತಾವು ಕಂಡುದನ್ನು ಮರೆಯಬಾರದೆಂದು ನಿಲ್ಲಿಸಿದರು.

ಇಲ್ಲಿಯೇ ಹುಡುಗನ ಪ್ರಶ್ನೆಗೆ ಉತ್ತರವಿದೆ. ಪದಕವು ಬೆಲೆಯಲ್ಲ, ಬೆಲೆಯನ್ನು ಕೊಟ್ಟ ಮೇಲೆ ಋಣವು ಹರಿಯುವುದು. ಪದಕವಾದರೋ ಋಣವನ್ನು ಒಪ್ಪಿಕೊಂಡು ಬರೆದುಕೊಟ್ಟ ಪತ್ರ. ಸಾಲಗಾರನು ಪತ್ರವನ್ನು ಬರೆದುಕೊಟ್ಟ ಮಾತ್ರಕ್ಕೆ ಸಾಲ ತೀರುವುದಿಲ್ಲ, ಸಾಲವುಂಟೆಂಬುದು ಖಚಿತವಾಗುವುದು. ಆದಕಾರಣವೇ ಸತ್ತವರಿಗೆ ಪದಕವನ್ನು ಕೊಡುವುದು ಅರ್ಥವತ್ತಾಗಿದೆ. ವಿಕ್ಟೋರಿಯಾ ಕ್ರಾಸನ್ನು ಮೊದಮೊದಲು ಸತ್ತವರಿಗೆ ಕೊಡುವ ವಾಡಿಕೆಯಿರಲಿಲ್ಲ. ೧೯೦೭ರಲ್ಲಿ ಇಂಗ್ಲಿಷರು ಆ ಪದ್ಧತಿಯನ್ನು ತಿದ್ದಿಕೊಂಡರು. ಬಹುಮಾನವನ್ನು ಪಡೆಯುವವನು ಬದುಕಿರಬೇಕು. ಋಣಪತ್ರಕ್ಕೆ ಬದುಕಿರಬೇಕಾದವನು ಋಣಿ. ಪದಕವು ವೀರನ ಎದೆಯ ಮೇಲಿದ್ದರೂ ಅದರ ಮಾತು ನೋಡುವ ನಮ್ಮನ್ನು ಕುರಿತದ್ದು.

ಋಣವೆಂದ ಮೇಲೆ ತೀರಿಸುವ ಚಿಂತೆಯೂ ಬೇಕಲ್ಲವೆ? ಕಾರವಾರದ ಸಮುದ್ರತೀರದಲ್ಲಿ ರಾಣೆಯವರ ಪ್ರತಿಮೆಯನ್ನು ನಿಲ್ಲಿಸಿದ್ದಾರೆ; ೨೦೨೩ರ ಜನವರಿಯಲ್ಲಿ ಅಂದಮಾನಿನ ಇಪ್ಪತ್ತೊಂದು ದ್ವೀಪಗಳಿಗೆ ಇಪ್ಪತ್ತೊಂದು ಪರಮವೀರರ ಹೆಸರುಗಳನ್ನಿಟ್ಟಾಗ ಒಂದು ದ್ವೀಪವು ಅವರ ಹೆಸರನ್ನು ಹೊತ್ತಿತು. ಇವು ಯೋಗ್ಯವಾದವುಗಳೇ. ಆದರೆ ವೀರನ ಹೆಸರು ಹೇಳಿ ಜಯಘೋಷ ಮಾಡಿ, ಮರುದಿನ ನಮ್ಮ ಓಣಿಯಲ್ಲಿ ಒಬ್ಬ ಬಡವನ ಮೇಲೆ ಅನ್ಯಾಯವಾಗುವಾಗ ಕದ ಇಕ್ಕಿಕೊಂಡು ಒಳಗೆ ಕೂಡ್ರುವವರು ಪತ್ರವನ್ನು ಬರೆದುಕೊಟ್ಟು ಸಾಲವನ್ನು ಮುಳುಗಿಸುವವರು. ಈ ಮಾತನ್ನು ಇತರರಿಗೆ ಹೇಳುವ ಮುನ್ನ ನನಗೇ ಹೇಳಿಕೊಳ್ಳಬೇಕಾಗಿದೆ. ಅರವತ್ತು ದಾಟಿದ ಈ ವಯಸ್ಸಿನಲ್ಲಿ ಹಿಂದಿರುಗಿ ನೋಡಿದರೆ, ಆಡಬೇಕಾದಲ್ಲಿ ನಾನು ಆಡದೆ ಸುಮ್ಮನಿದ್ದ ಸಂದರ್ಭಗಳು ಕಡಿಮೆಯಿಲ್ಲ.

ಆ ಹುಡುಗನು ಮತ್ತೆ ಸಿಕ್ಕಿದರೆ ನಾನು ಹೇಳತಕ್ಕದ್ದು ಇಷ್ಟು. ಅಪ್ಪಾ, ಅವರು ಪದಕದ ಸಲುವಾಗಿ ಹೋರಾಡಲಿಲ್ಲ. ಮುಂದಿನವರಿಗೆ ಹಾದಿಯಾಗಲೆಂದು ಹೋರಾಡಿದರು. ಪದಕವನ್ನು ಅವರಿಗೆ ಕೊಟ್ಟುದು ಅವರ ಸಲುವಾಗಿ ಅಲ್ಲ, ನಮ್ಮ ಸಲುವಾಗಿ. ಅವರು ಬಿಡಿಸಿದ ಹಾದಿಯಲ್ಲಿ ನಡೆಯುವವರು ನಾವು. ನಡೆಯುವವರಿಗೆ ಹಾದಿ ಯಾರದೆಂಬ ನೆನಪು ಇರಬೇಕು. ಅವನು ಇದಕ್ಕೂ ಒಂದು ಮರುಪ್ರಶ್ನೆಯನ್ನು ಕೇಳಿದರೆ ನನಗೆ ಸಂತೋಷವೇ ಆಗುವುದು. ಈ ಸಲ ಅವನನ್ನು ಕೂಡ್ರಿಸುವ ಅವಸರವನ್ನು ಮಾಡುವುದಿಲ್ಲ.